ಹಳೆಯ ಯುರೋಪಿನ ವ್ಯಾಂಪೈರ್ ಚಿತ್ರಗಳು: ಯಾವುದನ್ನು ನೋಡಬೇಕು, ಯಾವ ಪ್ರಿಂಟಿನಲ್ಲಿ?

1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ವನ್ನು ಮೊದಲ ಸಲ ನೋಡುವವರು ಒಂದು ಜಾಗದಲ್ಲಿ ನಕ್ಕೇ ನಗುತ್ತಾರೆ. ಬಿಸಿಲು ತಾಗಿದರೆ ಸಾಯಬೇಕಾದ, ರಕ್ತ ಹೀರುವ ಪಿಶಾಚಿ ಮಟಮಟ ಮಧ್ಯಾಹ್ನ ತನ್ನ ಶವಪೆಟ್ಟಿಗೆಯನ್ನು ತಾನೇ ಕಂಕುಳಲ್ಲಿ ಅವುಚಿಕೊಂಡು ಊರ ಬೀದಿಯಲ್ಲಿ ಹೊರಟಿರುತ್ತದೆ. ನಗು ಬರುವಂಥದ್ದೇ. ಆದರೆ ತಪ್ಪು ನಿರ್ದೇಶಕ ಮುರ್ನೌ ಅವರದಲ್ಲ, ಕೈಗೆ ಸಿಕ್ಕ ಪ್ರಿಂಟಿನದು. ಆ ಕಾಲದ ಫಿಲ್ಮಿಗೆ ಇರುಳಿನ ಹೊರಾಂಗಣವನ್ನು ಹಿಡಿಯುವ ಶಕ್ತಿ ಇರಲಿಲ್ಲ. ಹಗಲಲ್ಲೇ ಚಿತ್ರೀಕರಿಸಿ, ಆಮೇಲೆ ಪ್ರಿಂಟನ್ನು ಬಣ್ಣದಲ್ಲಿ ಅದ್ದಿ ತೆಗೆಯುತ್ತಿದ್ದರು. ನೀಲಿ ಕಂಡರೆ ರಾತ್ರಿ, ಹಳದಿ ಕಂಡರೆ ಹಗಲು ಇಲ್ಲವೇ ದೀಪದ ಬೆಳಕು, ನಸುಗೆಂಪು ಕಂಡರೆ ಮುಂಜಾವು. ಇದನ್ನು ಅಂದಿನ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಂದೆ ಅವೇ ಪ್ರಿಂಟುಗಳನ್ನು ಬರೀ ಕಪ್ಪು-ಬಿಳುಪಿನಲ್ಲಿ ನಕಲು ಮಾಡಿದಾಗ ನೀಲಿ ಹೋಯಿತು, ನೀಲಿಯ ಜೊತೆ ರಾತ್ರಿಯೂ ಹೋಯಿತು.

ಹಾಗಾಗಿ ಇಂಥ ಸಿನಿಮಾ ಆರಿಸುವಾಗ ಯಾವ ಚಿತ್ರ ಎಂದು ಕೇಳುವಷ್ಟೇ ಮುಖ್ಯವಾಗಿ ಯಾವ ಪ್ರಿಂಟ್ ಎಂದೂ ಕೇಳಬೇಕು. ಕೋರ್ಟು, ಸೆನ್ಸಾರ್, ಅಮೆರಿಕದ ವಿತರಕರು ಎಲ್ಲರೂ ಕೈಯಾಡಿಸಿದ ಚಿತ್ರಗಳಿವು. ಪ್ರಿಂಟಿನ ದೋಷ ಎಲ್ಲಿಗೆ ಮುಗಿಯಿತು, ಚಿತ್ರದ ಸ್ವಂತ ದೋಷ ಎಲ್ಲಿಂದ ಶುರುವಾಯಿತು ಎಂದು ಬೇರೆ ಮಾಡಿಕೊಂಡರೆ ಆಯ್ಕೆ ಸುಲಭ. 1922ರಿಂದ 1979ರವರೆಗಿನ ಕೆಲವನ್ನು ಇಲ್ಲಿ ಆ ಲೆಕ್ಕದಲ್ಲೇ ತೂಗಿದ್ದೇವೆ.

ಎರಡು ‘ನೊಸ್ಫೆರಾಟು’

ಬ್ರಾಮ್ ಸ್ಟೋಕರ್ ಅವರ 1897ರ ‘ಡ್ರಾಕುಲಾ’ ಕಾದಂಬರಿಯನ್ನು ಹಕ್ಕು ಪಡೆಯದೆ, ಹೆಸರುಗಳನ್ನಷ್ಟೇ ಬದಲಿಸಿ ತೆಗೆದ ಚಿತ್ರ ಮುರ್ನೌ ಅವರದು. ಡ್ರಾಕುಲಾ ಇಲ್ಲಿ ಓರ್ಲಾಕ್, ಅವನ ಕೋಟೆಗೆ ಹೋಗುವ ಹಾರ್ಕರ್ ಇಲ್ಲಿ ಹುಟ್ಟರ್, ಹಾರ್ಕರನ ಹೆಂಡತಿ ಇಲ್ಲಿ ಎಲೆನ್. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ದಾವೆ ಹೂಡಿದರು. 1925ರಲ್ಲಿ ಬರ್ಲಿನ್ನಿನ ನ್ಯಾಯಾಲಯ ಎಲ್ಲ ಪ್ರಿಂಟುಗಳನ್ನೂ ನಾಶಮಾಡಲು ಹೇಳಿತು. ಅಷ್ಟರಲ್ಲಿ ಗಡಿ ದಾಟಿದ್ದ ಪ್ರತಿಗಳು ಬದುಕಿಕೊಂಡವು. ಇವತ್ತು ಇದರ ಹತ್ತಾರು ರೂಪಗಳು ಓಡಾಡುತ್ತಿರುವುದಕ್ಕೆ ಇದೇ ಕಾರಣ.

ಒಳ್ಳೆಯ ಪ್ರತಿಯನ್ನು ಗುರುತಿಸುವುದು ಕಷ್ಟವಲ್ಲ. ಬಣ್ಣ ಅದ್ದಿದ್ದಿರಬೇಕು. ಶೀರ್ಷಿಕೆ ಫಲಕಗಳಲ್ಲಿ ಓರ್ಲಾಕ್, ಹುಟ್ಟರ್, ಎಲೆನ್ ಎಂಬ ಹೆಸರುಗಳಿರಬೇಕು; ‘ಕೌಂಟ್ ಡ್ರಾಕುಲಾ’ ಎಂದಿದ್ದರೆ ಅದು ಹಳೆಯ ಇಂಗ್ಲಿಷ್ ನಕಲಿನ ವಂಶದ್ದು. ಅವಧಿ 94 ನಿಮಿಷದ ಹತ್ತಿರ ಇರಬೇಕು. ಎಪ್ಪತ್ತರ ಆಸುಪಾಸಿಗೇ ಮುಗಿದರೆ ದೃಶ್ಯಗಳು ಕಾಣೆಯಾಗಿರಬಹುದು, ಇಲ್ಲವೇ ಸೆಕೆಂಡಿಗೆ 18 ಚೌಕಟ್ಟಿನಲ್ಲಿ ಓಡಬೇಕಾದದ್ದನ್ನು 24ರಲ್ಲಿ ಓಡಿಸಿರಬಹುದು. ಆಗ ಎಲ್ಲರೂ ಕೀಲಿ ಕೊಟ್ಟ ಗೊಂಬೆಗಳ ಹಾಗೆ ಓಡುತ್ತಾರೆ. ಮುರ್ನೌ ಹೆಸರಿನ ಪ್ರತಿಷ್ಠಾನ 2005-06ರಲ್ಲಿ ಸಿದ್ಧಪಡಿಸಿದ, ಹಾನ್ಸ್ ಎರ್ಡ್‌ಮನ್ ಅವರ ಸಂಗೀತವಿರುವ ಪ್ರತಿಯನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು.

ಇನ್ನು ಚಿತ್ರದ್ದೇ ದೋಷಗಳು. ಓರ್ಲಾಕನ ಗಾಡಿ ಕಾಡಿನಲ್ಲಿ ಅತಿವೇಗವಾಗಿ ಬರುವ ದೃಶ್ಯ ಎಷ್ಟೇ ಒಳ್ಳೆಯ ಪ್ರಿಂಟಿನಲ್ಲೂ ಈಗ ಹಾಸ್ಯವಾಗಿ ಕಾಣುತ್ತದೆ. ಅದನ್ನು ಬೇಕೆಂದೇ ಹಾಗೆ ತೆಗೆದದ್ದು. ಹುಟ್ಟರ್ ಪಾತ್ರಧಾರಿಯ ನಗು-ಅಳು ನಾಟಕದ ಕೊನೆಯ ಸಾಲಿಗೆ ಕಾಣಲಿ ಎಂಬಷ್ಟು ದೊಡ್ಡದು. ಗುಣವೆಂದರೆ ಊರುಗಳು. ಸ್ಟುಡಿಯೋದಲ್ಲಿ ಕೃತಕ ಜಗತ್ತು ಕಟ್ಟುವುದೇ ಜರ್ಮನ್ ಸಿನಿಮಾದ ಹೆಮ್ಮೆಯಾಗಿದ್ದ ಕಾಲದಲ್ಲಿ ಈ ತಂಡ ವಿಸ್ಮಾರ್, ಲೂಬೆಕ್ ಪಟ್ಟಣಗಳಿಗೂ ಸ್ಲೊವಾಕಿಯಾದ ಓರಾವಾ ಕೋಟೆಗೂ ಹೋಯಿತು. ನಿಜವಾದ ಇಟ್ಟಿಗೆ ಗೋಡೆ, ನಿಜವಾದ ಬಂದರು, ಅದರ ನಡುವೆ ಓರ್ಲಾಕ್ ಆದ ಮ್ಯಾಕ್ಸ್ ಶ್ರೆಕ್ ಅವರ ಇಲಿಹಲ್ಲಿನ ಮುಖ. ಪಿಶಾಚಿ ಸೂರ್ಯನ ಬೆಳಕಿಗೆ ಸಾಯುತ್ತದೆ ಎಂಬ ‘ಸಂಪ್ರದಾಯ’ ಹುಟ್ಟಿದ್ದೂ ಇಲ್ಲೇ. ಸ್ಟೋಕರ್ ಅವರ ಡ್ರಾಕುಲಾ ಹಗಲಲ್ಲಿ ಲಂಡನ್ನಿನ ಬೀದಿ ಸುತ್ತುತ್ತಾನೆ.

ವೆರ್ನರ್ ಹೆರ್ಝಾಗ್ 1979ರಲ್ಲಿ ಇದನ್ನೇ ಮತ್ತೆ ತೆಗೆದರು. ಬೋಳುತಲೆಯ ರೂಪವನ್ನು ಉಳಿಸಿಕೊಂಡು, ಡ್ರಾಕುಲಾ, ಹಾರ್ಕರ್ ಎಂಬ ಹೆಸರುಗಳನ್ನು ವಾಪಸು ತಂದರು. ಕ್ಲಾಸ್ ಕಿನ್‌ಸ್ಕಿ ಅವರ ಪಿಶಾಚಿ ಹೆದರಿಸುವುದಕ್ಕಿಂತ ಹೆಚ್ಚಾಗಿ ಬಳಲಿದೆ; ಸಾಯಲಾರದೆ ಸುಸ್ತಾದ ಮುದುಕನಂತೆ ಮಾತಾಡುತ್ತದೆ. ಪ್ಲೇಗಿನ ಊರಿಗಾಗಿ ಹಂಗೆರಿಯಿಂದ ಸುಮಾರು 11,000 ಬಿಳಿ ಇಲಿಗಳನ್ನು ತರಿಸಿ ಬೂದು ಬಣ್ಣ ಹಚ್ಚಿದರು. ಬಹುಪಾಲು ಚಿತ್ರೀಕರಣ ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನದು. ಇಲಿ ಬಿಡಲು ಆ ಊರು ಒಪ್ಪಲಿಲ್ಲವಾಗಿ ಆ ಭಾಗಕ್ಕೆ ಸ್ಖಿಡಾಮ್‌ಗೆ ಹೋಗಬೇಕಾಯಿತು. ಇದರ ದೌರ್ಬಲ್ಯ ಚಿತ್ರದ ನಿಧಾನಗತಿ. ಹಾರ್ಕರ್ ಬೆಟ್ಟ ಹತ್ತುವುದನ್ನೇ ಮೋಡ, ಜಲಪಾತಗಳ ಜೊತೆ ನಿಮಿಷಗಟ್ಟಲೆ ನೋಡಬೇಕು. ವಾಗ್ನರ್ ಸಂಗೀತಕ್ಕೆ ಮನಸ್ಸು ಕೊಟ್ಟವರಿಗೆ ಅದೇ ಚಿತ್ರದ ಶಿಖರ. ಕೊಡದವರು ಅಲ್ಲೇ ಎದ್ದು ಹೋಗುತ್ತಾರೆ. ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಚಿತ್ರೀಕರಿಸಿದ್ದರಿಂದ ಎರಡೂ ‘ಮೂಲ’ವೇ. ಆದರೂ ಜರ್ಮನ್ ಆರಿಸಿ. ಇಂಗ್ಲಿಷಿನಲ್ಲಿ ನಟರು ಮಾತನ್ನು ಬಾಯಿಪಾಠ ಒಪ್ಪಿಸುವಂತೆ ಕೇಳುತ್ತದೆ.

ಎರಡರಲ್ಲಿ ಒಂದೇ ಎನ್ನುವುದಾದರೆ: ಮೂಕಿಚಿತ್ರ ನೋಡಿ ಅಭ್ಯಾಸವಿದ್ದರೆ 1922, ಇಲ್ಲದಿದ್ದರೆ 1979. ಹೆರ್ಝಾಗ್ ನೋಡಿದವರು ಮುರ್ನೌ ಕಡೆಗೆ ತಾವಾಗಿಯೇ ಹೋಗುತ್ತಾರೆ.

ಮಂಜು ಮುಸುಕಿದ ‘ವಾಂಪಿರ್’

ಡೆನ್ಮಾರ್ಕಿನ ಕಾರ್ಲ್ ಡ್ರೆಯರ್ ಫ್ರಾನ್ಸಿನ ಕೂರ್ತಾಂಪಿಯೆರ್ ಎಂಬ ಹಳ್ಳಿಯ ಸುತ್ತ ತೆಗೆದ, 1932ರಲ್ಲಿ ಬಿಡುಗಡೆಯಾದ ಚಿತ್ರ. ನಾಯಕನ ಪಾತ್ರ ಮಾಡಿದವರೇ ಹಣ ಹಾಕಿದವರು; ನಿಕೊಲಸ್ ದ ಗುಂಜ್‌ಬರ್ಗ್ ಎಂಬ ಶ್ರೀಮಂತರು ‘ಜೂಲಿಯನ್ ವೆಸ್ಟ್’ ಎಂಬ ಹೆಸರಿಟ್ಟುಕೊಂಡು ನಟಿಸಿದರು. ನಟನೆ ಅವರಿಗೆ ಒಲಿದಿರಲಿಲ್ಲ, ಅದು ಕಾಣುತ್ತದೆ. ಉಳಿದವರಲ್ಲೂ ಇಬ್ಬರು-ಮೂವರನ್ನು ಬಿಟ್ಟರೆ ವೃತ್ತಿನಟರಿಲ್ಲ. ಮೂಕವಾಗಿ ಚಿತ್ರೀಕರಿಸಿ ಆಮೇಲೆ ಮಾತು ಸೇರಿಸಿದ್ದರಿಂದ ಸಂಭಾಷಣೆ ಬಹಳ ಕಡಿಮೆ.

ಮೊದಮೊದಲ ಚಿತ್ರೀಕರಣದಲ್ಲಿ ಲೆನ್ಸಿನ ಮೇಲೆ ಬೆಳಕು ಬಿದ್ದು ದೃಶ್ಯ ಮಸುಕಾಯಿತು. ಅದನ್ನು ಎಸೆಯುವ ಬದಲು ಡ್ರೆಯರ್ ಮತ್ತು ಛಾಯಾಗ್ರಾಹಕ ರುಡಾಲ್ಫ್ ಮಾಟೆ ಅದನ್ನೇ ಇಡೀ ಚಿತ್ರದ ನೋಟವನ್ನಾಗಿ ಮಾಡಿಕೊಂಡು, ಕ್ಯಾಮೆರಾದ ಮುಂದೆ ತೆಳುಬಟ್ಟೆ ಕಟ್ಟಿ ತೆಗೆದರು. ಹೀಗಾಗಿ ಇಲ್ಲಿ ಮಸುಕು ಪ್ರಿಂಟಿನ ದೋಷವಲ್ಲ. ಆದರೆ ಗೀರು, ಜಿಗಿತ, ಕರಕರ ಸದ್ದು ಖಂಡಿತ ಪ್ರಿಂಟಿನವು, ಏಕೆಂದರೆ ಮೂಲ ನೆಗೆಟಿವ್ ಕಳೆದುಹೋಗಿದೆ. ಪುನರುಜ್ಜೀವಿತ ಪ್ರತಿಯೂ ನುಣುಪಾಗಿಲ್ಲ. ನುಣುಪಿಗಾಗಿ ಹುಡುಕುತ್ತ ಕೂರಬೇಡಿ.

ಕಥೆ ಹಿಡಿಯಲು ಹೋದರೆ ಸಿಕ್ಕುವುದಿಲ್ಲ. ನೆರಳು ಒಡೆಯನನ್ನು ಬಿಟ್ಟು ತಾನೇ ಬಂದು ಬೆಂಚಿನ ಮೇಲೆ ಕೂರುತ್ತದೆ. ನಾಯಕ ತಾನು ಶವಪೆಟ್ಟಿಗೆಯಲ್ಲಿರುವುದನ್ನು ಕನಸಿನಲ್ಲಿ ಕಾಣುತ್ತಾನೆ. ಮುಚ್ಚಳದ ಗಾಜಿನ ಕಿಂಡಿಯ ಮೂಲಕ, ಮಲಗಿದವನ ಕಣ್ಣಿನಿಂದಲೇ ನಾವು ಆಕಾಶವನ್ನೂ ಮರದ ಕೊಂಬೆಗಳನ್ನೂ ನೋಡುತ್ತ ಸ್ಮಶಾನಕ್ಕೆ ಸಾಗುತ್ತೇವೆ. ಕೊನೆಗೆ ದುಷ್ಟ ವೈದ್ಯ ಸಾಯುವುದು ಹಿಟ್ಟಿನ ಗಿರಣಿಯಲ್ಲಿ, ಮೇಲಿಂದ ಸುರಿಯುವ ಬಿಳಿಹಿಟ್ಟಿನಲ್ಲಿ ಹೂತು. ಜರ್ಮನ್ ಸೆನ್ಸಾರ್ ಕತ್ತರಿ ಹಾಕಿದ ಜಾಗಗಳಲ್ಲಿ ಇದೂ ಒಂದು. ನಿದ್ದೆಗಣ್ಣಿನಲ್ಲಿ ನೋಡಿದರೆ ನಿದ್ದೆ ಬರುವುದು ಖಾತ್ರಿ. ಪುಸ್ತಕದ ಪುಟಗಳನ್ನು ತೆರೆಯ ಮೇಲೆ ಓದಿಸುವ ಭಾಗ ಬೇರೆ ಜಾಸ್ತಿ. ಮೊದಲ ಆಯ್ಕೆಯಾಗಿ ಯಾರಿಗೂ ಹೇಳುವುದಿಲ್ಲ. ಈ ದಾರಿಯಲ್ಲಿ ನಾಲ್ಕಾರು ಚಿತ್ರ ನೋಡಿದ ಮೇಲೆ ನೋಡಿ.

ಹ್ಯಾಮರ್: ಕೆಂಪು ಬಂತು, ವೇಗವೂ ಬಂತು

ಹೊಸಬರಿಗೆ ಒಂದೇ ಚಿತ್ರ ಹೇಳಿ ಎಂದರೆ ಉತ್ತರ ಬ್ರಿಟನ್ನಿನ ಹ್ಯಾಮರ್ ಸಂಸ್ಥೆಯ 1958ರ ‘ಡ್ರಾಕುಲಾ’. ಅಮೆರಿಕದಲ್ಲಿ ಇದೇ ‘ಹಾರರ್ ಆಫ್ ಡ್ರಾಕುಲಾ’. ಎರಡು ಬೇರೆ ಚಿತ್ರವೆಂದು ಎರಡು ಡಿಸ್ಕ್ ಕೊಳ್ಳಬೇಡಿ. ಟೆರೆನ್ಸ್ ಫಿಶರ್ ನಿರ್ದೇಶನ, ಕ್ರಿಸ್ಟೋಫರ್ ಲೀ ಡ್ರಾಕುಲಾ, ಪೀಟರ್ ಕುಷಿಂಗ್ ಪಿಶಾಚಿ ಬೇಟೆಗಾರ ವಾನ್ ಹೆಲ್ಸಿಂಗ್. ಹಣದ ಅಭಾವಕ್ಕೆ ಚಿತ್ರಕಥೆಗಾರ ಜಿಮ್ಮಿ ಸ್ಯಾಂಗ್‌ಸ್ಟರ್ ಹಡಗಿನ ಪ್ರಯಾಣವನ್ನು ಹೊಡೆದುಹಾಕಿದರು, ಲಂಡನ್ನನ್ನು ಹೊಡೆದುಹಾಕಿದರು, ಕೋಟೆಯನ್ನೂ ನಾಯಕಿಯ ಮನೆಯನ್ನೂ ಒಂದು ರಾತ್ರಿಯ ಗಾಡಿಪ್ರಯಾಣದ ಅಂತರಕ್ಕೆ ತಂದರು. ಭೂಗೋಳ ಕೆಟ್ಟಿತು, ಚಿತ್ರ ಗೆದ್ದಿತು: 82 ನಿಮಿಷದಲ್ಲಿ ಉಸಿರು ಬಿಡುವಷ್ಟೂ ಜಾಗವಿಲ್ಲ. ಲೀ ಅವರಿಗೆ ಮಾತು ಇರುವುದು ಶುರುವಿನಲ್ಲಿ ಮಾತ್ರ; ಮನೆಗೆ ಬಂದ ಅತಿಥಿಯನ್ನು ವಿಚಾರಿಸಿಕೊಳ್ಳುವ ಸಭ್ಯ ಯಜಮಾನ. ಮುಂದಿನ ಸಲ ಅವರನ್ನು ಕಾಣುವಾಗ ಕಣ್ಣು ಕೆಂಪು, ಬಾಯ್ತುಂಬ ರಕ್ತ, ಮಾತಿಲ್ಲ. ಕೊನೆಯಲ್ಲಿ ಎರಡು ಮೇಣದಬತ್ತಿಯ ಕಂಬಗಳನ್ನು ಅಡ್ಡ ಹಿಡಿದು ಶಿಲುಬೆ ಮಾಡುವ ಉಪಾಯ ಕುಷಿಂಗ್ ಅವರದೇ. ಉಪಖಂಡದ ಮೇಲೂ ಇದರ ನೆರಳು ಬಿತ್ತು. 1967ರ ಲಾಹೋರಿನ ‘ಜಿಂದಾ ಲಾಶ್’ ಇದನ್ನೇ ಹಿಂಬಾಲಿಸಿದೆ, ನಡುನಡುವೆ ಹಾಡು-ಕುಣಿತ ಸೇರಿಸಿಕೊಂಡು.

ಪ್ರಿಂಟಿನ ವಿಷಯ: ಬ್ರಿಟಿಷ್ ಸೆನ್ಸಾರ್ ಕತ್ತರಿಸಿದ್ದ ಕೆಲವು ತುಣುಕುಗಳು ಟೋಕಿಯೋದ ಸಂಗ್ರಹಾಲಯದಲ್ಲಿದ್ದ ರೀಲುಗಳಲ್ಲಿ ಸಿಕ್ಕವು. ಡ್ರಾಕುಲಾ ಕೊನೆಗೆ ತನ್ನ ಮುಖವನ್ನೇ ಪರಚಿ ಕಿತ್ತುಕೊಳ್ಳುವುದು ಅವುಗಳಲ್ಲಿ ಒಂದು. 2013ರ ಬ್ರಿಟಿಷ್ ಬ್ಲೂ-ರೇಯಲ್ಲಿ ಅವನ್ನು ಸೇರಿಸಿದ್ದಾರೆ. ಆದರೆ ಅದರ ಬಣ್ಣ ನೀಲಿಗೆ ವಾಲಿದೆ ಎಂಬ ದೂರು ಹಳೆಯ ಅಭಿಮಾನಿಗಳದು, ದೂರಿನಲ್ಲಿ ಹುರುಳಿದೆ. ತುಣುಕುಗಳು ಬೇಕೋ, ಬೆಚ್ಚನೆಯ ಬಣ್ಣ ಬೇಕೋ ನೀವೇ ತೀರ್ಮಾನಿಸಬೇಕು. ನಮಗಾದರೆ ತುಣುಕುಗಳು.

ಮುಂದಿನ ‘ಬ್ರೈಡ್ಸ್ ಆಫ್ ಡ್ರಾಕುಲಾ’ (1960) ಹೆಸರಿನಲ್ಲಿ ಡ್ರಾಕುಲಾ ಇದ್ದಾನೆ, ಚಿತ್ರದಲ್ಲಿಲ್ಲ. ಲೀ ಇಲ್ಲವೆಂದು ಬಿಟ್ಟವರಿಗೆ ನಷ್ಟ. ಇಲ್ಲಿ ಒಂದು ದೃಶ್ಯವಿದೆ: ಹೊಸದಾಗಿ ಹೂತ ಹುಡುಗಿಯ ಗೋರಿಯ ಮೇಲೆ ಮುದುಕಿಯೊಬ್ಬಳು ಬೋರಲು ಬಿದ್ದು, ಹೆರಿಗೆ ಮಾಡಿಸುವ ಸೂಲಗಿತ್ತಿಯ ಹಾಗೆ ‘ಬಾ, ತಳ್ಳು, ಇನ್ನೊಂದು ಸ್ವಲ್ಪ’ ಎಂದು ಮಣ್ಣಿಗೆ ಪುಸಲಾಯಿಸುತ್ತಾಳೆ. ಮಣ್ಣಿನಿಂದ ಕೈ ಏಳುತ್ತದೆ. ಹ್ಯಾಮರ್ ಸಂಸ್ಥೆಯ ಇಡೀ ಸರಣಿಯಲ್ಲಿ ಇಷ್ಟು ಹೇಸಿಗೆ ಮತ್ತು ಮಮತೆ ಒಟ್ಟಿಗೆ ಬೆರೆತ ಇನ್ನೊಂದು ಗಳಿಗೆಯಿಲ್ಲ. ಹುಳುಕೂ ಇದೆ, ಬಾವಲಿಯ ರೂಪದಲ್ಲಿ. 1958ರಲ್ಲಿ ‘ಪಿಶಾಚಿ ಬಾವಲಿಯಾಗುವುದು ಸುಳ್ಳು ನಂಬಿಕೆ’ ಎಂದು ಇದೇ ವಾನ್ ಹೆಲ್ಸಿಂಗ್ ಹೇಳಿದ್ದ. ಎರಡೇ ವರ್ಷದಲ್ಲಿ ಪಿಶಾಚಿ ಬಾವಲಿಯಾಗಿ ಹಾರುತ್ತದೆ, ಅದೂ ಆಟದ ಸಾಮಾನಿನಂತೆ.

‘ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್’ (1966) ಚಿತ್ರದಲ್ಲಿ ಲೀ ವಾಪಸು ಬರುತ್ತಾರೆ, ಆದರೆ ಒಂದೂ ಮಾತಾಡುವುದಿಲ್ಲ. ಬರೆದ ಮಾತುಗಳು ಎಷ್ಟು ಕೆಟ್ಟದಾಗಿದ್ದವೆಂದರೆ ತಾನೇ ಆಡಲಿಲ್ಲ ಎಂದು ಲೀ. ತಾನು ಮಾತನ್ನೇ ಬರೆದಿರಲಿಲ್ಲ ಎಂದು ಸ್ಯಾಂಗ್‌ಸ್ಟರ್. ಹೆಚ್ಚುಕಡಿಮೆ ಅರ್ಧ ಚಿತ್ರ ಕಳೆದ ಮೇಲೆ ಅವರ ದರ್ಶನ. ಅಲ್ಲಿಯವರೆಗಿನ ಕಾಯುವಿಕೆ ಚೆನ್ನಾಗಿದೆ, ಆಮೇಲಿನದು ಸಾಧಾರಣ. ಅಗಲ ತೆರೆಯ ಚಿತ್ರವಾದ್ದರಿಂದ ಟಿವಿಗೆಂದು ಎರಡು ಬದಿ ಕೊಯ್ದ ಪ್ರತಿಯಲ್ಲಿ ನೋಡಲೇಬೇಡಿ. ಇಲ್ಲಿಂದ ಮುಂದೆ ಸರಣಿ ಇಳಿಜಾರು. ‘ಟೇಸ್ಟ್ ದ ಬ್ಲಡ್ ಆಫ್ ಡ್ರಾಕುಲಾ’ (1970) ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟರೂ ನಡೆಯುತ್ತದೆ. ‘ಡ್ರಾಕುಲಾ ಎ.ಡಿ. 1972’ ಚಿತ್ರದಲ್ಲಿ ಡ್ರಾಕುಲಾನನ್ನು ಆಗಿನ ಲಂಡನ್ನಿಗೆ ತಂದರು. ಅಂದಿನ ಹದಿಹರೆಯದವರ ಮಾತು-ಉಡುಪು ಅವನಿಗಿಂತ ಬೇಗ ಮುಪ್ಪಾದವು.

ಇಟಲಿ: ಕಣ್ಣಿಗೆ ಹಬ್ಬ, ಕಿವಿಗೆ ಉಪವಾಸ

ಇಟಲಿಯ ಚಿತ್ರಗಳಿಗೆ ಬರುವಾಗ ‘ಮೂಲ ಭಾಷೆಯಲ್ಲೇ ನೋಡುತ್ತೇನೆ’ ಎಂಬ ಹಟ ಬಿಡಬೇಕು. ಅಲ್ಲಿ ಚಿತ್ರೀಕರಣದ ವೇಳೆ ಧ್ವನಿ ಹಿಡಿಯುತ್ತಿರಲಿಲ್ಲ. ಇಂಗ್ಲಿಷ್ ನಟಿ ಇಂಗ್ಲಿಷಿನಲ್ಲಿ, ಇಟಲಿಯವರು ಇಟಾಲಿಯನ್ನಿನಲ್ಲಿ ಬಾಯಾಡಿಸುತ್ತಿದ್ದರು. ಆಮೇಲೆ ಸ್ಟುಡಿಯೋದಲ್ಲಿ ಬೇರೆಯವರ ಕಂಠದಾನ. ಕನ್ನಡದ ಹಳೆಯ ಚಿತ್ರಗಳಲ್ಲಿ ನಾಯಕಿಯ ಮುಖ ಒಬ್ಬರದು, ದನಿ ಇನ್ನೊಬ್ಬರದು ಎಂಬುದಕ್ಕೆ ಒಗ್ಗಿದ ನಮಗೆ ಇದು ಹೊಸದಲ್ಲ. ತುಟಿ-ಮಾತು ಹೊಂದದಿರುವುದು ಪ್ರಿಂಟಿನ ದೋಷವೂ ಅಲ್ಲ, ಡಿಸ್ಕಿನದೂ ಅಲ್ಲ.

ಮೊದಲು ‘ಇ ವಾಂಪಿರಿ’ (1957). ರಿಕಾರ್ದೊ ಫ್ರೆಡಾ ಅರ್ಧಕ್ಕೆ ಬಿಟ್ಟು ಹೋದ ಚಿತ್ರವನ್ನು ಛಾಯಾಗ್ರಾಹಕ ಮಾರಿಯೊ ಬಾವಾ ಮುಗಿಸಿಕೊಟ್ಟರು. ಪತ್ರಕರ್ತನ ಪತ್ತೇದಾರಿಯೇ ಬಹುಭಾಗ ತಿನ್ನುವುದರಿಂದ ಚಿತ್ರ ಬಡವಾಗಿದೆ. ಆದರೂ ಒಂದು ದೃಶ್ಯಕ್ಕಾಗಿ ನೋಡಬೇಕು: ಡಚೆಸ್ಸಳ ಮುಖ ನಮ್ಮ ಕಣ್ಣೆದುರೇ, ಎಲ್ಲೂ ಕಟ್ ಇಲ್ಲದೆ, ಮುಪ್ಪಾಗುತ್ತದೆ. ಗುಟ್ಟು ಹೀಗೆ. ನಟಿಯ ಮುಖಕ್ಕೆ ಕೆಂಪು ಬಣ್ಣದಲ್ಲಿ ಸುಕ್ಕು ಬರೆಯುತ್ತಾರೆ. ಕೆಂಪು ಬೆಳಕಿನಲ್ಲಿ ಕಪ್ಪು-ಬಿಳುಪು ಫಿಲ್ಮಿಗೆ ಕೆಂಪು ಗೆರೆಯೂ ಚರ್ಮವೂ ಒಂದೇ ಬಿಳುಪಾಗಿ ಕಾಣುತ್ತವೆ, ಸುಕ್ಕು ಮಾಯ. ಕೆಂಪನ್ನು ನಿಧಾನವಾಗಿ ಸರಿಸಿ ಹಸಿರು-ನೀಲಿ ಫಿಲ್ಟರಿಗೆ ಬಂದಂತೆ ಅವೇ ಗೆರೆಗಳು ಕಪ್ಪಾಗಿ ಮೇಲೇಳುತ್ತವೆ. ಬಣ್ಣದ ಫಿಲ್ಮಿನಲ್ಲಿ ಈ ಆಟ ನಡೆಯುವುದಿಲ್ಲ.

‘ಲಾ ಮಾಸ್ಕೆರಾ ದೆಲ್ ದೆಮೋನಿಯೊ’ (1960) ಬಾವಾ ಪೂರ್ತಿಯಾಗಿ ನಿರ್ದೇಶಿಸಿದ ಮೊದಲ ಕಥಾಚಿತ್ರ, ಬಾರ್ಬರಾ ಸ್ಟೀಲ್ ದ್ವಿಪಾತ್ರ. ಶುರುವಿನಲ್ಲೇ ಒಳಗಡೆ ಮೊಳೆಗಳಿರುವ ಮುಖವಾಡವನ್ನು ಮಾಟಗಾತಿಯ ಮುಖಕ್ಕೆ ಸುತ್ತಿಗೆಯಿಂದ ಬಡಿಯುತ್ತಾರೆ. ಬ್ರಿಟನ್ನಿನಲ್ಲಿ 1968ರವರೆಗೂ ಇದು ತೆರೆ ಕಾಣಲಿಲ್ಲ. ಮಂಜು, ಕಮಾನು, ಮುರಿದ ಚರ್ಚು, ಸದ್ದಿಲ್ಲದೆ ತೇಲುವ ಗಾಡಿ ಎಲ್ಲದರಲ್ಲೂ ಕಪ್ಪು-ಬಿಳುಪು ಛಾಯಾಗ್ರಹಣದ ಪರಾಕಾಷ್ಠೆಯಿದೆ. ಕಥಾನಾಯಕ ಮಾತ್ರ ಸಪ್ಪೆ, ಸಂಭಾಷಣೆ ಅದಕ್ಕಿಂತ ಸಪ್ಪೆ. ಇಂಗ್ಲಿಷಿನಲ್ಲಿ ಎರಡು ರೂಪಗಳಿವೆ. ‘ಮಾಸ್ಕ್ ಆಫ್ ಸೇಟನ್’ ಎಂಬುದು 87 ನಿಮಿಷ, ರೊಬೆರ್ತೊ ನಿಕೊಲೋಸಿ ಅವರ ಮೂಲ ಸಂಗೀತ. ‘ಬ್ಲ್ಯಾಕ್ ಸಂಡೇ’ ಎಂಬುದು ಅಮೆರಿಕದ 83 ನಿಮಿಷದ ಕಟ್, ಹೊಸ ಡಬ್ಬಿಂಗ್, ಲೆಸ್ ಬ್ಯಾಕ್ಸ್‌ಟರ್ ಅವರ ಹೊಸ ಸಂಗೀತ. ಮೊದಲನೆಯದನ್ನು ಆರಿಸಿ.

ಬಾವಾ ಅವರ ಮೂರು ಕಥೆಗಳ ಸಂಕಲನಚಿತ್ರ ‘ಇ ತ್ರೆ ವೋಲ್ತಿ ದೆಲ್ಲಾ ಪೌರಾ’ (1963), ಇಂಗ್ಲಿಷಿನಲ್ಲಿ ‘ಬ್ಲ್ಯಾಕ್ ಸಬ್ಬತ್’. ಇಲ್ಲಿ ಆಯ್ಕೆ ನಿಜಕ್ಕೂ ಪೇಚಿನದು. ಇಟಾಲಿಯನ್ ರೂಪದಲ್ಲಿ ಕಥೆಗಳ ಕ್ರಮ ಸರಿಯಿದೆ, ಬಣ್ಣ ಸರಿಯಿದೆ, ಸಂಗೀತ ಸರಿಯಿದೆ. ಮುಖ್ಯ ನಟ ಬೋರಿಸ್ ಕಾರ್ಲಾಫ್ ಅವರ ದನಿ ಮಾತ್ರ ಬೇರೆಯವರದು. ಅಮೆರಿಕನ್ ರೂಪದಲ್ಲಿ ಕಾರ್ಲಾಫ್ ಸ್ವಂತ ದನಿಯಲ್ಲಿ ಮಾತಾಡುತ್ತಾರೆ, ಆದರೆ ಕ್ರಮ ಕಲಸಿಹೋಗಿದೆ, ‘ಟೆಲಿಫೋನ್’ ಕಥೆಯ ತಿರುಳನ್ನೇ ಬದಲಿಸಿದ್ದಾರೆ. ಮೊದಲು ಇಟಾಲಿಯನ್ ನೋಡಿ, ಆಮೇಲೆ ಅಮೆರಿಕನ್ ಪ್ರತಿಯಲ್ಲಿ ‘ವುರ್ದಲಕ್’ ಕಥೆಯೊಂದನ್ನು ಕಾರ್ಲಾಫ್ ದನಿಗಾಗಿ ಮತ್ತೆ ಹಾಕಿಕೊಳ್ಳಿ.

ಆ ಕಥೆಯಲ್ಲಿ ಪಿಶಾಚಿ ಹೊರಗಿನವನಲ್ಲ, ಮನೆಯ ಯಜಮಾನ. ವುರ್ದಲಕ್‌ಗೆ ಬೇಕಾದದ್ದು ತಾನು ಅತಿಯಾಗಿ ಪ್ರೀತಿಸಿದವರ ರಕ್ತ. ಅಜ್ಜ ಮೊಮ್ಮಗನನ್ನು ಎತ್ತಿಕೊಂಡು ಹೋಗುತ್ತಾನೆ, ಮಗುವನ್ನು ಹೂಳುತ್ತಾರೆ. ರಾತ್ರಿ ಬಾಗಿಲ ಹೊರಗಿನಿಂದ ಅದೇ ಮಗುವಿನ ದನಿ: ಅಮ್ಮಾ, ಚಳಿಯಾಗ್ತಿದೆ, ಒಳಗೆ ಕರ್ಕೋ. ಅದು ಮಗುವಲ್ಲ ಎಂದು ತಾಯಿಗೂ ಗೊತ್ತು. ಆದರೂ ತಡೆಯಲು ಬಂದ ಗಂಡನಿಗೆ ಚೂರಿ ಹಾಕಿ ಬಾಗಿಲು ತೆರೆಯುತ್ತಾಳೆ. ಬಾಗಿಲ ಮೇಲೆ ‘ನಾಳೆ ಬಾ’ ಬರೆದ ಊರಿನವರಿಗೆ, ಮನೆಯವರ ದನಿಯಲ್ಲೇ ಕರೆಯುವ ದೆವ್ವದ ಕಥೆ ಕೇಳಿ ಬೆಳೆದವರಿಗೆ, ಇಲ್ಲಿ ಸಬ್‌ಟೈಟಲ್ ಬೇಕಾಗುವುದಿಲ್ಲ.

ಎಪ್ಪತ್ತರ ದಶಕ: ಯಾರ ಜೊತೆ ಕೂತು ನೋಡುತ್ತೀರಿ?

ಬ್ರಿಟನ್ನಿನಲ್ಲಿ 1970ರಲ್ಲಿ ‘ಎಕ್ಸ್’ ಪ್ರಮಾಣಪತ್ರದ ವಯೋಮಿತಿ 16ರಿಂದ 18ಕ್ಕೇರಿತು. ತೆರೆಯ ಮೇಲೆ ನಗ್ನತೆಗೆ ಅವಕಾಶ ಸಿಕ್ಕಿದ್ದೇ ತಡ, ಪಿಶಾಚಿಗಳು ಬಹುಮಟ್ಟಿಗೆ ಹೆಣ್ಣಾದವು. ಹಾಗಾಗಿ ಈ ಗುಂಪಿನ ಬಹುಪಾಲು ಚಿತ್ರಗಳು ವಯಸ್ಕರಿಗೆ ಮಾತ್ರ. ಮನೆಮಂದಿಯ ನಡುವೆ ಹಾಕುವ ಮೊದಲು ಯೋಚಿಸಿ.

ಇವುಗಳಲ್ಲಿ ನಮ್ಮ ಮೊದಲ ಆಯ್ಕೆ ಬೆಲ್ಜಿಯಮ್ಮಿನ ‘ಡಾಟರ್ಸ್ ಆಫ್ ಡಾರ್ಕ್‌ನೆಸ್’ (1971). ಚಳಿಗಾಲದ ಒಸ್ಟೆಂಡ್, ಪ್ರವಾಸಿಗಳೇ ಇಲ್ಲದ ಸಮುದ್ರತೀರದ ಹೋಟೆಲು, ಹೊಸದಾಗಿ ಮದುವೆಯಾದ ಜೋಡಿ, ವಯಸ್ಸೇ ಆಗದ ಕೌಂಟೆಸ್. ಡೆಲ್ಫಿನ್ ಸೇರಿಗ್ ದನಿ ಏರಿಸದೆ, ಕೋರೆಹಲ್ಲು ತೋರಿಸದೆ ಹೆದರಿಸುತ್ತಾರೆ. 100 ನಿಮಿಷದ್ದನ್ನು ತೆಗೆದುಕೊಳ್ಳಿ. 87ರದ್ದು ಅಮೆರಿಕನ್ ಕಟ್.

ಶೆರಿಡನ್ ಲೆ ಫಾನು ಅವರ 1872ರ ‘ಕಾರ್ಮಿಲ್ಲಾ’ ಕಥೆಯನ್ನೇ ಹಿಡಿದು ಹೊರಟರೆ ರೋಜೆ ವಾದಿಮ್ ಅವರ ಫ್ರೆಂಚ್ ಚಿತ್ರವೂ (1960) ಹ್ಯಾಮರ್‌ನ ‘ವ್ಯಾಂಪೈರ್ ಲವರ್ಸ್’ (1970) ಚಿತ್ರವೂ ಎದುರುಬದುರಾಗುತ್ತವೆ. ಕಥೆಗೆ ಹತ್ತಿರವಿರುವುದು ಹ್ಯಾಮರ್. ಇಂಗ್ರಿಡ್ ಪಿಟ್ ಅದನ್ನು ಒಬ್ಬರೇ ಹೊತ್ತಿದ್ದಾರೆ. ಕಣ್ಣಿಗೆ ತಂಪು ವಾದಿಮ್, ಆದರೆ ಅಲ್ಲಿ ಪಿಶಾಚಿ ಇದೆಯೋ ಎಲ್ಲ ಭ್ರಮೆಯೋ ಎಂಬುದೇ ಅಸ್ಪಷ್ಟ. ಅಮೆರಿಕಕ್ಕೆ 74 ನಿಮಿಷಕ್ಕೆ ಕತ್ತರಿಸಿದ ಪ್ರತಿಯಲ್ಲಂತೂ ಏನೂ ತಿಳಿಯುವುದಿಲ್ಲ.

ಫ್ರಾನ್ಸಿನ ಝಾನ್ ರೋಲಾಂ ಒಬ್ಬರೇ ಒಂದು ಪಂಥ. ಅದೇ ದಿಯೆಪ್ ಬಳಿಯ ಸಮುದ್ರತೀರ, ಅದೇ ಸ್ಮಶಾನ, ಗೂಡುಗಡಿಯಾರದ ಒಳಗಿಂದ ಹೊರಬರುವ ಪಿಶಾಚಿ, ನಟಿಸಲು ಬಾರದ ನಟರು. ಕನಸಿನಂತೆ ನೋಡಿದರೆ ಸೊಗಸು. ಕಥೆಯಂತೆ ನೋಡಿದರೆ ಯಾತನೆ. 1968ರ ಮೊದಲ ಚಿತ್ರದಿಂದ ಆರಂಭಿಸುವುದೇ ಎಲ್ಲರೂ ಮಾಡುವ ತಪ್ಪು. ‘ಫ್ಯಾಸಿನೇಷನ್’ (1979) ಹಿಡಿಯಿರಿ. ರಕ್ತಹೀನತೆಗೆ ಮದ್ದೆಂದು ಕಸಾಯಿಖಾನೆಗೆ ಬಂದು ಎತ್ತಿನ ರಕ್ತ ಕುಡಿಯುವ ಶ್ರೀಮಂತ ಹೆಂಗಸರಿಂದ ಅದು ಶುರುವಾಗುತ್ತದೆ. ಹತ್ತು ನಿಮಿಷದಲ್ಲಿ ನಿಮಗೆ ರೋಲಾಂ ಆಗುತ್ತಾರೋ ಇಲ್ಲವೋ ಗೊತ್ತಾಗುತ್ತದೆ.

ಸ್ಪೇನಿನಲ್ಲಿ ಜೆಸ್ ಫ್ರಾಂಕೊ ತೆಗೆದ ‘ಕೌಂಟ್ ಡ್ರಾಕುಲಾ’ (1970) ಕಾದಂಬರಿಗೆ ನಿಷ್ಠವೆಂದು ಹೆಸರಾಗಿದೆ. ಲೀ ಅವರಿಗೆ ಇಲ್ಲಿ ಮೀಸೆಯಿದೆ, ರಕ್ತ ಕುಡಿದಂತೆ ಯೌವನ ಮರಳುತ್ತದೆ, ಎರಡೂ ಸ್ಟೋಕರ್ ಬರೆದಂತೆಯೇ. ಅಷ್ಟಕ್ಕೆ ನಿಷ್ಠೆ ಮುಗಿಯಿತು. ತೋಳಗಳೆಂದು ತೋರಿಸಿದವು ಸಾಕುನಾಯಿಗಳು, ಹೆದರಿಸಬೇಕಾದ ಪ್ರಾಣಿಗಳು ಹುಲ್ಲು ತುಂಬಿದವು, ಕ್ಯಾಮೆರಾ ಸುಮ್ಮನೆ ಜೂಮ್ ಆಗುತ್ತಲೇ ಇರುತ್ತದೆ. ಅದೇ ಸೆಟ್ಟಿನಲ್ಲಿ ಪೇರೆ ಪೋರ್ತಬೆಯಾ ಕಪ್ಪು-ಬಿಳುಪಿನಲ್ಲಿ ತೆಗೆದ ‘ಕ್ವಾದೆಕುಕ್, ವಾಂಪಿರ್’ ಅದಕ್ಕಿಂತ ನೂರು ಪಾಲು ಮೇಲು: ಹೊಗೆ ಬಿಡುವ ಯಂತ್ರ, ಜೇಡರಬಲೆ ನೇಯುವ ಕೆಲಸಗಾರ, ಶವಪೆಟ್ಟಿಗೆಯಲ್ಲಿ ಮಲಗಿ ನಗುವ ಲೀ. ಕೊನೆಯವರೆಗೂ ಮಾತಿಲ್ಲ, ಕೊನೆಗೆ ಲೀ ಪುಸ್ತಕ ಹಿಡಿದು ಡ್ರಾಕುಲಾ ಸಾಯುವ ಭಾಗವನ್ನು ಓದುತ್ತಾರೆ. ಒಳ್ಳೆಯದನ್ನು ನೋಡಲು ಕೆಟ್ಟದ್ದನ್ನು ಮೊದಲು ನೋಡಬೇಕಾದ ಅಪರೂಪದ ಜೋಡಿ ಇದು.

ಸರ್ಬಿಯಾದ ಗಿರಣಿ

ವ್ಯಾಂಪೈರ್ ಎಂಬ ಪದ ಪಶ್ಚಿಮಕ್ಕೆ ಹೋದದ್ದು ಬಾಲ್ಕನ್ ನಾಡಿನಿಂದ, 18ನೆಯ ಶತಮಾನದ ಸರ್ಬಿಯಾದ ಹಳ್ಳಿಗಳ ಬಗ್ಗೆ ಆಸ್ಟ್ರಿಯಾದ ಅಧಿಕಾರಿಗಳು ಬರೆದ ವರದಿಗಳ ಮೂಲಕ. ಆ ಮಣ್ಣಿನದೇ ಚಿತ್ರ ಬೇಕೆಂದರೆ ಜೋರ್ಜೆ ಕದಿಯೆವಿಚ್ 1973ರಲ್ಲಿ ಬೆಲ್‌ಗ್ರೇಡ್ ಟಿವಿಗೆ ತೆಗೆದ ‘ಲೆಪ್ತಿರಿತ್ಸಾ’ ನೋಡಿ. ಹೆಸರಿಗೆ ಹೆಣ್ಣು ಚಿಟ್ಟೆ ಎಂದರ್ಥ. ಒಂದು ಗಂಟೆಯ ಚಿತ್ರ. ಕೋಟೆಯಿಲ್ಲ, ಕೌಂಟ್ ಇಲ್ಲ, ಕಪ್ಪು ನಿಲುವಂಗಿಯಿಲ್ಲ. ನೀರಿನ ಗಿರಣಿಯಲ್ಲಿ ರಾತ್ರಿ ಮಲಗಿದ ಗಿರಣಿಗಾರ ಬೆಳಿಗ್ಗೆ ಹೆಣ. ಹೊಸಬ ಬರುತ್ತಾನೆ, ಅವನೂ ಹೆಣ. ಊರಿಗೆ ಹಿಟ್ಟಿಲ್ಲ. ಹುಡುಗಿಯ ಅಪ್ಪ ಹೆಣ್ಣು ಕೊಡಲೊಲ್ಲೆನೆಂದ ಬಡಹುಡುಗ ಆ ಕೆಲಸಕ್ಕೆ ಒಪ್ಪಿಕೊಳ್ಳುತ್ತಾನೆ. ಭಯದ ಹಿಂದೆ ಇರುವುದು ಹೊಟ್ಟೆಪಾಡು. ಊರಿನ ಹಿರಿಯರು ಗೋರಿ ಹುಡುಕುವುದೂ ಪಂಚಾಯ್ತಿ ಕೆಲಸದ ಹಾಗೆ, ಕುಡಿತ-ತಮಾಷೆಯ ನಡುವೆ.

ದೌರ್ಬಲ್ಯ ಮೇಕಪ್ಪು. ಪಿಶಾಚಿಯ ಮುಖ ತೀರಾ ಹತ್ತಿರದಿಂದ ಕಂಡಾಗ ಅಂಟಿಸಿದ ಕೂದಲು ಗೊತ್ತಾಗುತ್ತದೆ. ಟಿವಿ ಬಜೆಟ್ಟಿನ ಬಡತನವೂ ಕಾಣುತ್ತದೆ. ಆದರೆ ಹಗಲಿನ ಹಸಿರು ಹುಲ್ಲುಗಾವಲಿನಲ್ಲೇ ಭಯ ಹುಟ್ಟಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಜೆಕ್ ದೇಶದ ‘ವಾಲೆರಿಯೆ’ (1970) ಹೆಚ್ಚು ಪ್ರಸಿದ್ಧ, ಹೆಚ್ಚು ಸುಂದರ, ಭಯಕ್ಕಾದರೆ ‘ಲೆಪ್ತಿರಿತ್ಸಾ’.

ಕೊಳ್ಳುವ, ಹಾಕುವ ಮುನ್ನ

ನಿಮಿಷಗಳ ಲೆಕ್ಕ ನೋಡುವಾಗ ಒಂದು ಎಚ್ಚರ. ಯುರೋಪಿನ ಹಳೆಯ ಡಿವಿಡಿಗಳು ಅಲ್ಲಿನ ಟಿವಿಯ ಪಾಲ್ (PAL) ಪದ್ಧತಿಯವು. 24 ಚೌಕಟ್ಟಿನ ಚಿತ್ರವನ್ನು 25ರಲ್ಲಿ ಓಡಿಸುತ್ತವೆ. ಹಾಗಾಗಿ ಅವಧಿ ಶೇ. 4ರಷ್ಟು ಕಡಿಮೆ ಬರುತ್ತದೆ, ದನಿಯೂ ಕೂದಲೆಳೆಯಷ್ಟು ಕೀರಲು. 82 ನಿಮಿಷದ್ದು 79ಕ್ಕೆ, 107ರದ್ದು 103ಕ್ಕೆ ಮುಗಿದರೆ ಗಾಬರಿ ಬೇಡ, ಕತ್ತರಿ ಬಿದ್ದಿಲ್ಲ. ಶೇ. 4ಕ್ಕಿಂತ ಹೆಚ್ಚು ಕೊರತೆ ಬಂದರೆ ಆಗ ಅನುಮಾನಪಡಿ.

ಡಿಸ್ಕಿನ ಪ್ರದೇಶಸಂಕೇತ ಇನ್ನೊಂದು ತಲೆನೋವು. ಬ್ಲೂ-ರೇಯಲ್ಲಿ ಭಾರತ ‘ಸಿ’, ಯುರೋಪು ‘ಬಿ’, ಅಮೆರಿಕ ‘ಎ’. ಡಿವಿಡಿಯಲ್ಲಿ ನಮ್ಮದು 5. ವಿದೇಶದಲ್ಲಿರುವ ನೆಂಟರಿಂದ ತರಿಸುವ ಮೊದಲು ಡಬ್ಬಿಯ ಹಿಂಬದಿಯ ಫೋಟೋ ಕಳಿಸಲು ಹೇಳಿ. ಇಟಾಲಿಯನ್ ಚಿತ್ರಗಳಲ್ಲಿ ಸಬ್‌ಟೈಟಲ್ ಮೋಸವೂ ಉಂಟು: ಕೆಲವರು ಇಟಾಲಿಯನ್ ಮಾತನ್ನು ಅನುವಾದಿಸದೆ ಇಂಗ್ಲಿಷ್ ಡಬ್ಬಿಂಗಿನ ಮಾತನ್ನೇ ಕೆಳಗೆ ಹಾಕಿಬಿಡುತ್ತಾರೆ. ಒಂದು ನಿಮಿಷ ಇಂಗ್ಲಿಷ್ ಧ್ವನಿಗೆ ಬದಲಿಸಿ ನೋಡಿ. ಅಕ್ಷರ ಮತ್ತು ಮಾತು ಪದಕ್ಕೆ ಪದ ಹೊಂದಿದರೆ ಅದು ಅನುವಾದವಲ್ಲ.

ಟಿವಿಯಲ್ಲಿ ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು, ಅದಕ್ಕೆ ನಿಮ್ಮ ಕಂಪನಿ ಯಾವ ಹೆಸರಿಟ್ಟಿದ್ದರೂ, ಮೊದಲು ಆಫ್ ಮಾಡಿ. ಅದಿದ್ದರೆ ಕೋಟೆಯೂ ಧಾರಾವಾಹಿಯ ಸೆಟ್ಟಿನಂತೆ ಕಾಣುತ್ತದೆ. ಶಾರ್ಪ್‌ನೆಸ್ ತಗ್ಗಿಸಿ, ಬ್ರೈಟ್‌ನೆಸ್ ಏರಿಸಬೇಡಿ. ಹ್ಯಾಮರ್ ಚಿತ್ರಗಳಲ್ಲೂ ಹಗಲಲ್ಲಿ ತೆಗೆದು ರಾತ್ರಿಯಾಗಿಸಿದ ದೃಶ್ಯಗಳಿವೆ. ಬೆಳಕು ಏರಿಸಿದರೆ ನೊಸ್ಫೆರಾಟುವಿನ ಮಧ್ಯಾಹ್ನ ಮತ್ತೆ ಬರುತ್ತದೆ. ಕತ್ತಲಾಗಬೇಕಿರುವುದು ಕೋಣೆ, ಪರದೆ ಎಳೆಯಿರಿ.

ರೋಮನ್ ಪೊಲಾನ್‌ಸ್ಕಿ ಅವರ ‘ಡಾನ್ಸ್ ಆಫ್ ದ ವ್ಯಾಂಪೈರ್ಸ್’ (1967) ಹಾಸ್ಯಚಿತ್ರವನ್ನು ಮೇಲೆ ಎಲ್ಲೂ ಸೇರಿಸದಿರಲು ಕಾರಣವಿದೆ. ಅದರ ನಗೆ ಅರಳುವುದು ಉಳಿದವುಗಳ ನಿಯಮ ಗೊತ್ತಿದ್ದವರಿಗೆ. ಶಿಲುಬೆ ತೋರಿಸಿದರೆ ಪಿಶಾಚಿ ಓಡಬೇಕು. ಇಲ್ಲಿ ಪಿಶಾಚಿಯಾದ ಯಹೂದಿ ಹೋಟೆಲಿನವನು ಶಿಲುಬೆ ಕಂಡು ಬಿದ್ದು ಬಿದ್ದು ನಗುತ್ತಾನೆ. ಪಿಶಾಚಿ ಕನ್ನಡಿಯಲ್ಲಿ ಕಾಣುವುದಿಲ್ಲ. ಪಿಶಾಚಿಗಳಿಂದಲೇ ತುಂಬಿದ ನೃತ್ಯಶಾಲೆಯಲ್ಲಿ ವೇಷ ಹಾಕಿಕೊಂಡು ಕುಣಿಯುತ್ತಿದ್ದ ಮೂವರು ಕುಣಿಯುತ್ತ ಕುಣಿಯುತ್ತ ದೊಡ್ಡ ಕನ್ನಡಿಯ ಮುಂದೆ ಬರುತ್ತಾರೆ, ಕನ್ನಡಿಯಲ್ಲಿ ಅವರು ಮೂವರೇ. 108 ನಿಮಿಷದ ಪೂರ್ಣ ಪ್ರತಿಯಲ್ಲಿ, ಎಲ್ಲಕ್ಕಿಂತ ಕೊನೆಗೆ ನೋಡಿ. ಶುರುವಿನಲ್ಲಿ ಕಾರ್ಟೂನ್ ಬಂದರೆ ಅದು ಅಮೆರಿಕಕ್ಕೆಂದು ಕತ್ತರಿಸಿದ್ದು. ನಿಲ್ಲಿಸಿ ಬೇರೆಯದನ್ನು ಹುಡುಕಿ.